ಕೈಗವಸು ಯಾರ ಕೈಗೆ?

ಓದುಗರ ಪತ್ರ

ಮಾನ್ಯ ಸಂಪಾದಕರೇ,
ಕಳೆದ ಸಂಚಿಕೆಯ ಆರೋಗ್ಯ ಅಂಕಣದಲ್ಲಿ, ಕೊರೊನಾಗೆ ಹೆದರಿ ಜನ ಕೈಗವಸು ಹಾಕಿಕೊಂಡು ಓಡಾಡುವುದನ್ನು ‘ವೇಷ’ ಎಂದು ಕರೆದಿದ್ದೀರಿ. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ನೋಟಿನ ಕೊಳೆ ಎಂಥದ್ದು ಎಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲೆ. ಕಳೆದ ವರ್ಷದಿಂದ ಹೊಸಿಲು ದಾಟುವಾಗ ಹಾಕಿದ ನೀಲಿ ಗ್ಲೌಸನ್ನು ಮನೆಗೆ ಮರಳಿದ ಮೇಲೆಯೇ ತೆಗೆಯುತ್ತೇನೆ. ದೇವರ ದಯೆಯಿಂದ ಸೋಂಕು ತಗುಲಿಲ್ಲ. ಹಾಲು, ತರಕಾರಿ ಮನೆಗೆ ತಂದುಕೊಡುವವರೆಲ್ಲ ಗ್ಲೌಸ್ ಹಾಕುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು, ಪಡಿತರದ ಜೊತೆ ಹಂಚಬೇಕು. ಅದನ್ನು ಬರೆಯುವುದು ಬಿಟ್ಟು ನೀವು ಸೋಪಿನ ಪುರಾಣ ಹೇಳುತ್ತಿದ್ದೀರಿ. ಅಂಗಡಿಯ ಮುಂದೆ ನೀರಿನ ಡ್ರಮ್ ಇಟ್ಟರೆ ಕೊರೊನಾ ಓಡಿಹೋಗುತ್ತದೆಯೇ? ಬಳಸಿದ ಗ್ಲೌಸನ್ನು ಎಲ್ಲಿ ಹಾಕಬೇಕೆಂಬುದನ್ನಾದರೂ ತಿಳಿಸಿ.
– ಹೆಸರು ಬೇಡವೆಂದ ಓದುಗರು, ದಾವಣಗೆರೆ

ಸಂಪಾದಕರ ಉತ್ತರ

ಮಾನ್ಯರೇ,
ಕ್ಯಾಷಿಯರ್ ಆಗಿದ್ದವರ ಪತ್ರ ಎಂದು ತಿಳಿದ ಕೂಡಲೇ ಕುರ್ಚಿ ಎಳೆದುಕೊಂಡು ಕುಳಿತು ಓದಿದೆ. ಒಂದು ಊರಿನ ಕೈಗಳ ಸಮಾಚಾರ ನಿಮ್ಮಷ್ಟು ಯಾರಿಗೆ ಗೊತ್ತಿರುತ್ತದೆ? ಮೀನಿನ ವಾಸನೆ ಹೊಡೆಯುವ ನೋಟು, ಕುಂಕುಮ ಮೆತ್ತಿದ ನೋಟು, ಸೆರಗಿನ ಗಂಟಿನಲ್ಲಿ ನಾಲ್ಕು ಮಡಿಕೆಯಾಗಿ ಬೆವರಿಗೆ ಬಟ್ಟೆಯಂತಾದ ನೋಟು, ಎಲ್ಲವೂ ನಿಮ್ಮ ಬೆರಳಿನಡಿ ಹಾದುಹೋಗಿವೆ. ಪುಟ್ಟ ಬಟ್ಟಲಿನಲ್ಲಿ ಒದ್ದೆ ಸ್ಪಂಜು ಇಟ್ಟುಕೊಂಡು ನೋಟು ಎಣಿಸುತ್ತಿದ್ದ ಕಾಲದವರು ನೀವು. ಎಂಜಲು ಹಚ್ಚಿ ಎಣಿಸುವ ಗಿರಾಕಿಯನ್ನು ಕಂಡು ಮುಖ ಸಿಂಡರಿಸಿಯೂ ಇರುತ್ತೀರಿ. ಕೊಳೆಯ ವಿಷಯದಲ್ಲಿ ನಿಮಗೆ ಪಾಠ ಹೇಳುವ ಧೈರ್ಯ ನನಗಿಲ್ಲ. ತಕರಾರು ಇರುವುದು ಗ್ಲೌಸಿನ ಬಗ್ಗೆ ಮಾತ್ರ.

ಮೊದಲು ಒಪ್ಪಬೇಕಾದದ್ದನ್ನು ಒಪ್ಪಿಬಿಡುತ್ತೇನೆ. ರೋಗಿಯ ಮೂಗಿನ ದ್ರವ ತೆಗೆಯುವ ಲ್ಯಾಬ್ ಸಿಬ್ಬಂದಿಗೆ, ವಾರ್ಡಿನ ನರ್ಸ್‌ಗೆ, ಮನೆಯಲ್ಲಿ ಸೋಂಕಿತರ ವಾಂತಿ, ಮಲ ಬಳಿದು ತೆಗೆಯುವವರಿಗೆ ಕೈಗವಸು ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ನಮ್ಮ ಅಂಕಣಕಾರರು ಅದನ್ನು ಇನ್ನಷ್ಟು ಬಿಡಿಸಿ ಹೇಳಬಹುದಿತ್ತು.

ಈಗ ಸಂತೆಗೆ ಬನ್ನಿ. ಲಾಕ್‌ಡೌನಿನ ಬೆಳಗಿನ ಸಡಿಲಿಕೆಯಲ್ಲಿ ತರಕಾರಿ ಮಾರುಕಟ್ಟೆಗೆ ಹೋಗಿದ್ದಾಗ ನಿಮ್ಮದೇ ಬಳಗದ ಒಬ್ಬರನ್ನು ಕಂಡೆ. ಎರಡೂ ಕೈಗೆ ನೀಲಿ ಗ್ಲೌಸ್. ಟೊಮೆಟೊ ಒಂದೊಂದನ್ನೇ ಹಿಚುಕಿ ನೋಡಿದರು. ಚಿಲ್ಲರೆ ಪಡೆದರು. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಮೂಗು ತುರಿಸಿಕೊಂಡರು. ಅಷ್ಟರಲ್ಲಿ ಫೋನು ಬಂತು. ಗ್ಲೌಸ್ ಹಾಕಿದ ಬೆರಳಿಗೆ ಪರದೆ ಬಗ್ಗಲಿಲ್ಲ, ಎರಡು ಸಲ ಒರೆಸಿದರೂ ಬಗ್ಗಲಿಲ್ಲ. ಕೊನೆಗೆ ಏನು ಮಾಡಿದರು ಗೊತ್ತೇ? ಬಲಗೈ ತೋರುಬೆರಳಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗ್ಲೌಸನ್ನು ಎಳೆದು ತೆಗೆದು, ಮಾತು ಮುಗಿಯುವವರೆಗೂ ಬಾಯಲ್ಲೇ ಒಂದು ಬದಿಗೆ ಕಚ್ಚಿಕೊಂಡಿದ್ದರು! ನೀವು ಹಾಗೆ ಮಾಡುವವರಲ್ಲ ಎಂದು ನಂಬುತ್ತೇನೆ. ಆದರೆ ಹೊಸಿಲಿನಿಂದ ಹೊಸಿಲಿನವರೆಗೆ ಒಂದೇ ಜೊತೆ ಎಂದು ನೀವೇ ಬರೆದಿದ್ದೀರಿ. ಆ ಹೊತ್ತಿನಲ್ಲಿ ಮುಟ್ಟಿದ ಗೇಟು, ನೋಟು, ಚೀಲ, ಕನ್ನಡಕ ಎಲ್ಲದರ ಕೊಳೆಯನ್ನೂ ಆ ರಬ್ಬರು ಜೋಪಾನವಾಗಿ ಹೊತ್ತು ತಿರುಗುತ್ತದೆ. ಬರಿಗೈಯಾದರೆ ಅಂಟು ತಿಳಿಯುತ್ತದೆ, ತೊಳೆಯಬೇಕು ಅನ್ನಿಸುತ್ತದೆ. ಗವಸಿನೊಳಗಿನ ಕೈಗೆ ಆ ಸೂಚನೆಯೇ ಇಲ್ಲ.

ಇದು ಸಾಮಾನ್ಯರ ದಡ್ಡತನ, ತಿಳಿದವರು ಹೀಗೆ ಮಾಡುವುದಿಲ್ಲ ಎನ್ನಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 15 ಆಸ್ಪತ್ರೆಗಳಲ್ಲಿ ವೈದ್ಯರು, ದಾದಿಯರು ಕೈ ತೊಳೆಯುವುದನ್ನು ಹತ್ತಿರದಿಂದ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಗವಸು ಇಲ್ಲದಾಗ ಕೈ ಶುಚಿ ಮಾಡಿಕೊಳ್ಳಬೇಕಾದ ಸಂದರ್ಭಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಮಾಡಿಕೊಂಡವರು, ಗವಸು ಹಾಕಿದಾಗ ಶೇ 41ಕ್ಕೆ ಇಳಿದಿದ್ದರು. ತರಬೇತಿ ಪಡೆದವರ ಪಾಡು ಇದು. ಕೊರೊನಾ ಬಂದ ಹೊಸದರಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ರಬ್ಬರ್ ಕೈಗವಸು ಹಾಕಿಕೊಂಡು ಓಡಾಡುವುದಕ್ಕಿಂತ ಬರಿಗೈಯನ್ನು ಪದೇಪದೇ ತೊಳೆಯುವುದೇ ಹೆಚ್ಚು ರಕ್ಷಣೆ ಎಂದು ಸ್ಪಷ್ಟವಾಗಿ ಹೇಳಿತ್ತು. ನಮ್ಮ ವಾಟ್ಸ್‌ಆ್ಯಪ್ ಬಳಗಗಳಿಗೆ ಅದು ರುಚಿಸಲಿಲ್ಲ. ಸೋಪು ಅಗ್ಗದ ವಸ್ತು ನೋಡಿ, ಅಗ್ಗದ ಸಲಹೆಗೆ ಬೆಲೆ ಎಲ್ಲಿ?

ನಿಮಗೆ ಸೋಂಕು ತಗುಲಲಿಲ್ಲ, ಸಂತೋಷ. ಅದರ ಶ್ರೇಯವನ್ನು ಗ್ಲೌಸಿಗೆ ಕೊಡುವ ಮುನ್ನ ನಿಮ್ಮ ಮಾಸ್ಕಿಗೂ, ಮನೆಯಲ್ಲೇ ಇರಲು ಅವಕಾಶ ಕೊಟ್ಟ ಪಿಂಚಣಿಗೂ ಸ್ವಲ್ಪ ಹಂಚಿ. ಈ ರೋಗ ಮುಖ್ಯವಾಗಿ ಉಸಿರಿನ ದಾರಿಯಲ್ಲಿ ಬರುತ್ತದೆ. ಸೋಂಕು ತಗುಲಿದ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಂಭವ ಸಾಮಾನ್ಯವಾಗಿ 10,000ದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತ್ತು.

ಹಾಗಾದರೆ ಸೋಪಿನ ಪುರಾಣವೂ ಬೇಡವಲ್ಲ ಎಂದು ನೀವು ತಟ್ಟನೆ ಹಿಡಿಯುತ್ತೀರಿ. ಲೆಕ್ಕ ತಪ್ಪುವವರಲ್ಲ ನೀವು. ಆದರೆ ಸೋಪಿನ ಪುಣ್ಯ ಒಂದೇ ರೋಗದ್ದಲ್ಲ. ಕರಾಚಿಯ ಬಡ ವಸತಿಗಳಲ್ಲಿ ಮನೆಮನೆಗೆ ಸೋಪು ಕೊಟ್ಟು, ಕೈ ತೊಳೆಯುವುದನ್ನು ವಾರವಾರವೂ ಹೋಗಿ ಹೇಳಿಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 2005ರಲ್ಲಿ ಬಂತು. ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು, ಹದಿನೈದು ವರ್ಷದೊಳಗಿನವರಲ್ಲಿ ಭೇದಿಯೂ ಅರ್ಧಕ್ಕಿಂತ ಕಡಿಮೆಯಾಗಿತ್ತು. ಕ್ರಿಮಿನಾಶಕ ಬೆರೆಸಿದ ಸೋಪಿಗೂ ಸಾದಾ ಸೋಪಿಗೂ ವ್ಯತ್ಯಾಸ ಕಾಣಲಿಲ್ಲ. ಇನ್ನು ಕೊರೊನಾ ವೈರಸ್ಸಿನ ಮೈಮೇಲಿರುವುದು ಕೊಬ್ಬಿನ ಪೊರೆ. ಜಿಡ್ಡು ಬಿಡಿಸುವುದು ಸೋಪಿನ ಕುಲಕಸುಬು. ಇಪ್ಪತ್ತು ಸೆಕೆಂಡ್ ನೊರೆ ಬರಿಸಿ ಉಜ್ಜಿದರೆ ಆ ಪೊರೆ ಒಡೆಯುತ್ತದೆ, ಉಳಿದದ್ದು ನೀರಿನೊಂದಿಗೆ ಹೋಗುತ್ತದೆ. ಅಂಗಡಿಯ ಮುಂದಿನ ಆ ಡ್ರಮ್ಮನ್ನು ಹಂಗಿಸಬೇಡಿ. ಪಕ್ಕದಲ್ಲಿ ಸೋಪು ಇದೆಯೇ ಎಂದು ಮಾತ್ರ ನೋಡಿ.

ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ ಕತೆಯನ್ನು ಕೊರೊನಾದ ಈ ಒಂದೂವರೆ ವರ್ಷದಲ್ಲಿ ಎಲ್ಲರೂ ಹೇಳಿ ಮುಗಿಸಿದ್ದಾರೆ. 1847ರಲ್ಲಿ ವೈದ್ಯರ ಕೈಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಯಿಸಿ, ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಬಾಣಂತಿಯರ ಸಾವನ್ನು ಜೂನ್ ವೇಳೆಗೆ ಶೇ 2ರ ಆಸುಪಾಸಿಗೆ ಇಳಿಸಿದಾತ. ಸಹೋದ್ಯೋಗಿಗಳ ಅಸಡ್ಡೆ ಉಂಡು, 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ನನಗೆ ಹೆಚ್ಚು ಪ್ರಿಯವಾದದ್ದು ಕೆರೋಲಿನ್ ಹ್ಯಾಂಪ್ಟನ್ ಕತೆ.

ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ ಆಕೆ. ಆ ಕಾಲದ ಕ್ರಿಮಿನಾಶಕ ಪಾದರಸದ ಕ್ಲೋರೈಡ್. ದಿನವೂ ಅದರಲ್ಲಿ ಅದ್ದಿ ಅದ್ದಿ ಆಕೆಯ ಕೈ, ಮುಂಗೈ ಎಲ್ಲ ಕೆಂಡವಾಗಿ ಬಿರಿದವು. ಕೆಲಸ ಬಿಡಬೇಕಾದ ಸ್ಥಿತಿ. ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಆಕೆಯ ಕೈಗಳ ಅಚ್ಚನ್ನು ಪ್ಲಾಸ್ಟರ್‌ನಲ್ಲಿ ತೆಗೆಸಿ ಗುಡ್‌ಇಯರ್ ರಬ್ಬರ್ ಕಂಪನಿಗೆ ಕಳುಹಿಸಿ, ತೆಳುವಾದ ಕೈಗವಸು ಮಾಡಿಸಿಕೊಟ್ಟ. ಇದು 1889–90ರ ಚಳಿಗಾಲದ ಮಾತು. 1890ರಲ್ಲಿ ಇಬ್ಬರೂ ಮದುವೆಯಾದರು. ಆ ಗವಸು ಮಾಡಿಸಿದ್ದು ರೋಗಿಗಾಗಿ ಅಲ್ಲ, ಗಿರಾಕಿಗಾಗಿ ಅಲ್ಲ, ನಿಮ್ಮ ನನ್ನಂಥವರ ಸಮಾಧಾನಕ್ಕಾಗಿಯೂ ಅಲ್ಲ. ಕೆಲಸ ಮಾಡುವ ಹೆಂಗಸೊಬ್ಬಳ ಚರ್ಮ ಉಳಿಯಲಿ ಎಂದು. ರೋಗಿಗೂ ಅದರಿಂದ ಲಾಭವಿದೆ ಎಂಬುದು ಆಮೇಲೆ ತಿಳಿಯಿತು.

ಆದ್ದರಿಂದಲೇ ನಿಮ್ಮ ಹಾಲಿನ ಹುಡುಗನ ಮಾತು ಓದಿದಾಗ ನನಗೆ ಇರುಸುಮುರುಸಾಯಿತು. ಅವನು ಗ್ಲೌಸ್ ಹಾಕಬೇಕೆಂದಿರಿ, ಅವನ ಕೈ ನಿಮ್ಮ ಪ್ಯಾಕೆಟ್ ಮುಟ್ಟುತ್ತದೆ ಎಂಬ ಕಾರಣಕ್ಕೆ. ನಸುಕಿನಲ್ಲಿ ನೂರು ಗೇಟು ತೆಗೆದು ಹಾಕುವ ಆ ಕೈ ತೊಳೆಯಲು ನಿಮ್ಮ ಬೀದಿಯಲ್ಲಿ ಒಂದು ನಲ್ಲಿ ಇದೆಯೇ? ನಿಮ್ಮ ಕಾಂಪೌಂಡಿನ ನಲ್ಲಿಯ ಬಳಿ ಒಂದು ತುಂಡು ಸೋಪು ಇಟ್ಟು ‘ತೊಳೆದುಕೊಳ್ಳಪ್ಪ’ ಎಂದಿದ್ದೀರಾ? ಮುಟ್ಟಿದರೆ ಮೈಲಿಗೆ ಎಂಬ ಹಳೆಯ ಭಯಕ್ಕೆ ನೀಲಿ ಗ್ಲೌಸಿನ ನೈಟ್ರೈಲ್ ರಬ್ಬರು ಹೊದಿಸಿ ಅದಕ್ಕೆ ವಿಜ್ಞಾನ ಎಂದು ಹೆಸರಿಡುವುದು ಬೇಡ. ‘ನಮ್ಮ ಹಿರಿಯರ ಮಡಿಯನ್ನು ಈಗ ಜಗತ್ತೇ ಒಪ್ಪಿದೆ’ ಎಂದು ಇನ್ನೊಂದು ಗುಂಪಿನ ಓದುಗರು ವಾರವಾರ ಬರೆಯುತ್ತಾರೆ. ಅವರಿಗೂ ಇಲ್ಲೇ ಒಂದು ಲೆಕ್ಕ: 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಊಟಕ್ಕೆ ಮುನ್ನ ಸೋಪು ಅಥವಾ ಡಿಟರ್ಜೆಂಟ್ ಹಚ್ಚಿ ಕೈ ತೊಳೆಯುವ ಕುಟುಂಬಗಳು ದೇಶದಲ್ಲಿ ಶೇ 36ರ ಆಸುಪಾಸು, ಹಳ್ಳಿಗಳಲ್ಲಿ ಶೇ 25. ಉಳಿದವರಲ್ಲಿ ಬಹುಪಾಲು ಬರೀ ನೀರಿನಲ್ಲಿ ತೊಳೆಯುವವರು. ತಂಬಿಗೆ ನೀರು ಕೈಮೇಲೆ ಸುರಿದುಕೊಂಡರೆ ಮಡಿಯಾಗಬಹುದು, ಜಿಡ್ಡು ಹೋಗುವುದಿಲ್ಲ.

ಪಡಿತರದ ಜೊತೆ ಗ್ಲೌಸ್ ಹಂಚಬೇಕೆಂಬ ಸಲಹೆಗೆ ನಕ್ಕುಬಿಟ್ಟೆ, ಕ್ಷಮಿಸಿ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಲು ಅದನ್ನು ಮತ್ತೆ ಕಳಚಬೇಕಲ್ಲ! ಆದರೆ ಸರ್ಕಾರಕ್ಕೆ ನಿಮ್ಮಂತೆಯೇ ಗ್ಲೌಸಿನ ಮೇಲೆ ಮೋಹವಿದೆ. 2020ರ ನವೆಂಬರ್ 3ರಂದು ಶಿರಾ ಮತ್ತು ರಾಜರಾಜೇಶ್ವರಿ ನಗರದ ಉಪಚುನಾವಣೆಯಲ್ಲಿ ಮತಯಂತ್ರದ ಗುಂಡಿ ಒತ್ತಲು ಮತದಾರರಿಗೆ ಗವಸು ಕೊಟ್ಟರು. ಚುನಾವಣಾ ಆಯೋಗದ ನಿಯಮವೇ ಹಾಗಿತ್ತು. ಅದಕ್ಕೆ ಮುಂಚೆ ವಾರಗಟ್ಟಲೆ ಪ್ರಚಾರದ ಮೆರವಣಿಗೆಯಲ್ಲಿ ಮೈಗೆ ಮೈ ತಾಗಿಸಿ ಘೋಷಣೆ ಕೂಗಿದ ಬಾಯಿಗಳಿಗೆ ಕಾವಲು ಎಲ್ಲಿತ್ತು? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಮೊನ್ನೆ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಬಾಗಿಲಲ್ಲಿ ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್. ಪೆಡಲ್ ಮುರಿದಿದ್ದರಿಂದ ಬಂದವರೆಲ್ಲ ಬಾಟಲಿಯ ತಲೆಯನ್ನು ಕೈಯಿಂದಲೇ ಒತ್ತುತ್ತಿದ್ದರು. ಬಾಟಲಿ ಕಳುವಾಗದಂತೆ ಅದರ ಕುತ್ತಿಗೆಗೆ ಸಣಬಿನ ದಾರ ಕಟ್ಟಿತ್ತು. ಒಳಗಿದ್ದ ದ್ರವಕ್ಕೆ ಸ್ಪಿರಿಟ್ಟಿನ ವಾಸನೆಯೇ ಇರಲಿಲ್ಲ. ಆಲ್ಕೋಹಾಲ್ ಕನಿಷ್ಠ ಶೇ 60 ಇರಬೇಕಾದ ಜಾಗದಲ್ಲಿ ನಲ್ಲಿ ನೀರಿಗೆ ಬಣ್ಣ ಹಾಕಿದ್ದರೋ ಏನೋ. ಹಿಂದಿನ ಶೌಚಾಲಯದ ಬೇಸಿನ್ನಿಗೆ ನಲ್ಲಿ ಇತ್ತು, ನೀರಿರಲಿಲ್ಲ. ಸೋಪಿನ ಮಾತು ಕೇಳಿದ್ದಕ್ಕೆ ಜವಾನ ನನ್ನನ್ನು ಅನುಕಂಪದಿಂದ ನೋಡಿದ.

ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಎಣ್ಣೆಯಿಂದ ಸೋಪು ಮಾಡಲು ಕಾರ್ಖಾನೆ ತೆಗೆದ ರಾಜ್ಯ ಇದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಆ ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ಸರ್ಕಾರದ್ದೇ ಕಂಪನಿಯಿಂದ ಬರುತ್ತಿದೆ, ಪರದೇಶಕ್ಕೂ ಹೋಗುತ್ತಿದೆ. ಅದೇ ಸರ್ಕಾರ ತನ್ನ ಶಾಲೆಗಳ ಬಿಸಿಯೂಟದ ಸಾಲಿನ ತುದಿಯಲ್ಲಿ ಒಂದೊಂದು ತುಂಡು ಸೋಪು ಇಡಲಾರದೇ? ನಾಳೆ ಶಾಲೆ ತೆರೆದಾಗ ನೀವು ನಿಮ್ಮ ವಾರ್ಡಿನ ಶಾಲೆಗೆ ಹೋಗಿ ಇದನ್ನು ಕೇಳಿ. ನಿವೃತ್ತ ಕ್ಯಾಷಿಯರ್ ಲೆಕ್ಕ ಕೇಳಿದರೆ ಯಾರಿಗೂ ತಪ್ಪಿಸಿಕೊಳ್ಳಲಾಗದು.

ಇನ್ನು ನಿಜವಾಗಿ ಗವಸು ಬೇಕಾದವರ ವಿಷಯ. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಮಹಿಳೆ, ಹಸಿ ಕಸ ಒಣ ಕಸ ಬೆರೆಸಿ ಕೊಟ್ಟವರ ಬಕೆಟ್ಟಿಗೆ ಬರಿಗೈ ಹಾಕಿ ಬೇರ್ಪಡಿಸುತ್ತಾರೆ. ಹೆಬ್ಬೆರಳ ಬುಡದಲ್ಲಿ ಒಡೆದ ಗಾಜಿನ ಹಳೆಯ ಗಾಯ ಇದೆ. ಕೊಟ್ಟಿದ್ದ ಗವಸು ಗಂಡಸರ ಅಳತೆಯದಾಗಿತ್ತಂತೆ, ಜಾರುತ್ತಿತ್ತಂತೆ, ತಿಂಗಳಲ್ಲಿ ಹರಿದುಹೋಯಿತಂತೆ. ಮತ್ತೆ ಕೊಡಲಿಲ್ಲ. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದಾಗ ತಿಂಗಳಿಗೆ 12,000 ರೂಪಾಯಿ ಗೌರವಧನದ ಜೊತೆ ಕೇಳಿದ್ದು ಸುರಕ್ಷಾ ಸಾಮಗ್ರಿಯನ್ನು. ಅತ್ತ ನಿಮ್ಮ ನೀಲಿ ಗ್ಲೌಸ್ ಹುಟ್ಟುವ ಕಡೆ ನೋಡಿ. ಜಗತ್ತಿಗೆ ಅತಿ ಹೆಚ್ಚು ಕೈಗವಸು ಮಾಡಿಕೊಡುತ್ತಿದ್ದ ಮಲೇಷ್ಯಾದಲ್ಲಿ, 2020ರ ನವೆಂಬರ್‌ನಲ್ಲಿ, ಆ ಕಾರ್ಖಾನೆಗಳ ಕಿಕ್ಕಿರಿದ ವಸತಿಗೃಹಗಳಲ್ಲಿದ್ದ ಸಾವಿರಾರು ಕಾರ್ಮಿಕರಿಗೆ ಕೊರೊನಾ ಹರಡಿತು. ಹೆಚ್ಚಿನವರು ನೇಪಾಳ, ಬಾಂಗ್ಲಾದೇಶದಿಂದ ದುಡಿಯಲು ಹೋದವರು. ನಾವು ಸೊಪ್ಪು ಆರಿಸಲು ಗ್ಲೌಸ್ ಹಾಕಿಕೊಳ್ಳುವ ಮುನ್ನ ಇಷ್ಟಾದರೂ ನೆನಪಿಗೆ ಬರಬೇಡವೇ?

ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ: ಬಳಸಿದ್ದನ್ನು ಹೊರಮೈ ಒಳಗಾಗುವಂತೆ ತಿರುಚಿ ತೆಗೆಯಿರಿ. ಬಳಿಕ ಕೈ ತೊಳೆಯಿರಿ, ತಪ್ಪಿಸಬೇಡಿ. ಮನೆಯಲ್ಲಿ ಸೋಂಕಿತರಿಲ್ಲವಾದರೆ ಗ್ಲೌಸನ್ನು ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು, ಕತ್ತರಿಸಿ, ಒಣ ಕಸಕ್ಕೆ ಹಾಕಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿತ್ತು. ಕತ್ತರಿಸುವುದನ್ನು ಮರೆಯಬೇಡಿ. ಬಳಸಿ ಎಸೆದ ಗ್ಲೌಸನ್ನು ತೊಳೆದು ಹೊಸದೆಂದು ಮಾರುತ್ತಿದ್ದ ಜಾಲವನ್ನು 2020ರ ಆಗಸ್ಟ್‌ನಲ್ಲಿ ನವಿ ಮುಂಬೈ ಪೊಲೀಸರು ಹಿಡಿದಿದ್ದರು. ಇನ್ನೂ ತೆರೆಯದ ಗ್ಲೌಸಿನ ಡಬ್ಬಿಗಳಿದ್ದರೆ ಹತ್ತಿರದ ಆರೋಗ್ಯ ಕೇಂದ್ರದ ಆಶಾ ಕಾರ್ಯಕರ್ತೆಗೆ ತಲುಪಿಸಿ. ಪೌರಕಾರ್ಮಿಕರಿಗೆ ಅವು ಉಪಯೋಗಕ್ಕೆ ಬರುವುದಿಲ್ಲ, ಗಾಜಿಗೆ ಹರಿಯುತ್ತವೆ. ಅವರಿಗೆ ಬೇಕಾದದ್ದು ದಪ್ಪ ರಬ್ಬರಿನದು, ಅವರ ಕೈಯಳತೆಯದು.

ನಿಮ್ಮ ಚಂದಾ ನವೀಕರಣದ ಚೆಕ್ ತಲುಪಿದೆ. ರಸೀದಿಯನ್ನು ಪ್ರತ್ಯೇಕವಾಗಿ ಅಂಚೆಯಲ್ಲಿ ಕಳುಹಿಸಿದೆ.
– ಸಂ.