ರೋಗಿಗಳ ಲೆಕ್ಕದಿಂದಲೇ ಸಂಘ ಆರಂಭವಾಗಲಿ

ಪ್ರಶ್ನೆ: ನಾನು ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ನಮ್ಮ ಜನರಲ್ ವಾರ್ಡಿನಲ್ಲಿ 44 ಹಾಸಿಗೆಗಳಿವೆ. ರೋಸ್ಟರಿನಲ್ಲಿರುವುದು ಆರು ಹೆಸರು, ನೈಟ್ ಡ್ಯೂಟಿಗೆ ಇಬ್ಬರು. ಸೇರುವಾಗ ಎರಡು ವರ್ಷದ ಬಾಂಡ್ ಬರೆಸಿಕೊಂಡು ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡವರು ಅವಧಿ ಮುಗಿದರೂ ಹಿಂತಿರುಗಿಸಿಲ್ಲ. ನಾವು ಕೆಲವರು ಸಂಘ ಕಟ್ಟುವ ಮಾತಾಡಿದಾಗ ಹಿರಿಯ ಸಿಸ್ಟರ್ ಒಬ್ಬರು, ‘ಸೇವೆ ಮಾಡುವವರು ಯೂನಿಯನ್ ಮಾಡಬಾರದು, ರೋಗಿಗಳಿಗೆ ತೊಂದರೆಯಾಗುತ್ತದೆ’ ಎಂದರು. ಇದು ಸರಿಯೇ? ನಾವು ಎಲ್ಲಿಂದ ಆರಂಭಿಸಬೇಕು?
– ಹೆಸರು ಬೇಡ, ಮಂಡ್ಯ

ಉತ್ತರ (ನಿವೃತ್ತ ಶುಶ್ರೂಷಾ ಅಧೀಕ್ಷಕಿ, ಮೈಸೂರು): ಆ ಹಿರಿಯ ಸಿಸ್ಟರ್ ಅವರ ಕಾಳಜಿಯನ್ನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಬಿಳಿ ಸಮವಸ್ತ್ರ ತೊಟ್ಟವರನ್ನು ಅದು ಹೊರಗಿಟ್ಟಿಲ್ಲ. ಭಾರತೀಯ ತರಬೇತಿ ಪಡೆದ ದಾದಿಯರ ಸಂಘ ಹುಟ್ಟಿದ್ದು 1908ರಲ್ಲಿ, ಅಂದರೆ ಮೈಸೂರು ಸಂಸ್ಥಾನದಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗುವುದಕ್ಕಿಂತ ಹದಿನಾರು ವರ್ಷ ಮೊದಲು. ಕಬ್ಬಿನ ಬೆಲೆಗಾಗಿ, ನಾಲೆಯ ನೀರಿಗಾಗಿ ಒಟ್ಟಾಗಿ ನಿಂತ ಮನೆಗಳಿಂದಲೇ ನಿಮ್ಮಲ್ಲಿ ಅನೇಕರು ಬಂದಿರುತ್ತೀರಿ. ಅಪ್ಪನಿಗೆ ತಪ್ಪಲ್ಲದ್ದು ಮಗಳಿಗೆ ಹೇಗೆ ತಪ್ಪಾಗುತ್ತದೆ?

ಆರಂಭ ಎಲ್ಲಿಂದ ಎಂಬ ಪ್ರಶ್ನೆಗೆ ನನ್ನದೊಂದು ಅನುಭವವನ್ನು ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ವಾರ್ಡಿಗೆ ಒಬ್ಬಳೇ ಇದ್ದೆ. ಎರಡು ಗಂಟೆಯ ಹೊತ್ತಿಗೆ ಫಿಟ್ಸ್ ಬಂದ ಹುಡುಗನನ್ನು ಹಿಡಿದುಕೊಂಡಿದ್ದಾಗ, ವಾರ್ಡಿನ ಇನ್ನೊಂದು ತುದಿಯಲ್ಲಿ ವೃದ್ಧರೊಬ್ಬರು ಮೂತ್ರಕ್ಕೆಂದು ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬೆಳಿಗ್ಗೆ ನನಗೆ ಮೆಮೊ ಬಂತು. ಅದರಲ್ಲಿ ನನ್ನ ನಿರ್ಲಕ್ಷ್ಯದ ಮಾತಿತ್ತು. ಆ ರಾತ್ರಿ ನನ್ನ ಪಾಲಿಗೆ ಎಷ್ಟು ರೋಗಿಗಳಿದ್ದರು ಎಂಬುದು ಇರಲಿಲ್ಲ, ಏಕೆಂದರೆ ಅದನ್ನು ಬರೆದಿಡುವ ರೂಢಿಯೇ ಅಲ್ಲಿರಲಿಲ್ಲ. ಆದ್ದರಿಂದ ಸಂಬಳದ ಮನವಿಯನ್ನು ಬರೆಯುವ ಮೊದಲು ಲೆಕ್ಕದ ಪುಸ್ತಕವೊಂದನ್ನು ತೆರೆಯಿರಿ. ನಿಮ್ಮೂರಿನ ಹಾಲಿನ ಡೇರಿಯಲ್ಲಿ ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ದಿನಕ್ಕೆರಡು ಹೊತ್ತು ಬರೆಯುತ್ತಾರಲ್ಲವೇ, ಹಾಗೆಯೇ ಪ್ರತಿ ಪಾಳಿಯಲ್ಲಿ ವಾರ್ಡಿನಲ್ಲಿದ್ದ ರೋಗಿಗಳೆಷ್ಟು, ಡ್ಯೂಟಿಯಲ್ಲಿದ್ದವರೆಷ್ಟು ಮಂದಿ, ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಮುಗಿಸಿ ಹೊರಟಾಗ ಗಂಟೆ ಎಷ್ಟಾಗಿತ್ತು, ರದ್ದಾದ ವಾರದ ರಜೆ ಯಾವುದು ಎಂಬುದನ್ನು ಮೂರು ತಿಂಗಳು ಬಿಡದೆ ಬರೆಯಿರಿ. ರೋಗಿಯ ಹೆಸರನ್ನಾಗಲಿ ಕಾಯಿಲೆಯನ್ನಾಗಲಿ ಬರೆಯಬೇಡಿ, ಕೇಸ್‌ಶೀಟಿನ ಫೋಟೋವನ್ನು ವಾಟ್ಸ್ಆ್ಯಪ್ ಗುಂಪಿಗೆ ಖಂಡಿತ ಹಾಕಬೇಡಿ. ನಿಮಗೆ ಬೇಕಾದದ್ದು ಸಂಖ್ಯೆ ಮಾತ್ರ.

ಆ ಸಂಖ್ಯೆಯನ್ನು ತೂಗಿ ನೋಡಲು ಅಳತೆಗೋಲು ಇದೆ. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ಹಾಸಿಗೆಗೆ ಒಬ್ಬ ದಾದಿ, ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ಮೂರಕ್ಕೊಬ್ಬರು, ಜೊತೆಗೆ ರಜೆಯ ಸಲುವಾಗಿ ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಇದು ಎಲ್ಲ ಪಾಳಿಗಳನ್ನೂ ಸೇರಿಸಿದ ಲೆಕ್ಕ ಎಂಬುದನ್ನು ಮರೆಯಬೇಡಿ, ಇಲ್ಲವಾದರೆ ಆಡಳಿತ ಮಂಡಳಿಯ ಮುಂದೆ ಮೊದಲ ಮಾತಿನಲ್ಲೇ ಸೋಲುತ್ತೀರಿ. ಈ ಲೆಕ್ಕದಂತೆ 44 ಹಾಸಿಗೆಗೆ ಒಂಬತ್ತು ಮಂದಿ, ರಜೆಯ ಪಾಲು ಸೇರಿದರೆ ಸುಮಾರು ಹನ್ನೆರಡು ಮಂದಿ ಇರಬೇಕು, ಇರುವುದು ಆರು. ಉಳಿದ ಆರು ಜನರ ಕೆಲಸವನ್ನೂ ನೀವೇ ಮಾಡುತ್ತಿದ್ದೀರಿ.

ಹಿರಿಯ ಸಿಸ್ಟರ್ ಅವರಿಗೆ ಈ ಲೆಕ್ಕವನ್ನೇ ತೋರಿಸಿ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶುಶ್ರೂಷಾ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಗೆ ಒಳಗಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತಿತ್ತು. ರೋಗಿಗಳಿಗೆ ತೊಂದರೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಅವರೇ ನಿರ್ಧರಿಸಲಿ.

ಸಂಬಳದ ವಿಷಯಕ್ಕೆ ಬಂದರೆ, ದಾದಿಯರ ಸಂಘವೇ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿ 29ರಂದು ನೀಡಿದ ಆದೇಶದಂತೆ ಕೇಂದ್ರ ಸರ್ಕಾರ ತಜ್ಞರ ಸಮಿತಿಯೊಂದನ್ನು ರಚಿಸಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ದಾದಿಯರಷ್ಟೇ ಕೊಡಬೇಕು ಎಂದು ಆ ಸಮಿತಿ ಹೇಳಿತು. ಇದು ಶಿಫಾರಸೇ ಹೊರತು ತಾನಾಗಿ ಜಾರಿಯಾಗುವ ಆದೇಶವಲ್ಲ. ಕೇರಳದಲ್ಲಿ 2018ರಲ್ಲಿ ಅದು ಕನಿಷ್ಠ ವೇತನದ ಅಧಿಸೂಚನೆಯಾಗಿ ಬಂದದ್ದು, 2011ರಿಂದ ಸಂಘಟಿತರಾಗಿ ಪಟ್ಟು ಬಿಡದೆ ನಿಂತ ಅಲ್ಲಿನ ದಾದಿಯರಿಂದ.

ನೋಂದಣಿ ಕಷ್ಟದ ಕೆಲಸವಲ್ಲ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿದ್ದಂತೆ ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಏಳು ಜನ ಸೇರಿ ಅರ್ಜಿ ಹಾಕಬಹುದು. ಸದಸ್ಯರು ಒಟ್ಟು ಕೆಲಸಗಾರರ ಶೇ 10 ಅಥವಾ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ಮುಷ್ಕರ ಮಾತ್ರ ಕಡೆಯ ಮಾತಾಗಿರಲಿ. ಅದಕ್ಕೆ 14 ದಿನಗಳ ಮುಂಚಿತ ನೋಟಿಸ್ ಬೇಕೇ ಬೇಕು, ಮತ್ತು ಐಸಿಯು, ಹೆರಿಗೆ ಕೊಠಡಿ, ತುರ್ತು ವಿಭಾಗಗಳನ್ನು ಯಾವ ಕಾರಣಕ್ಕೂ ಬಿಟ್ಟು ಬರುವುದಿಲ್ಲವೆಂದು ಸಂಘದ ಮೊದಲ ಠರಾವಿನಲ್ಲಿಯೇ ಬರೆದುಕೊಳ್ಳಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಅಂಕಪಟ್ಟಿಗಳ ವಿಷಯದಲ್ಲಿ ಸಂಘ ರೂಪುಗೊಳ್ಳುವವರೆಗೆ ಕಾಯಬೇಡಿ. ಬಾಂಡ್ ಮುರಿದವರಿಂದಲೂ ಉದ್ಯೋಗದಾತರು ಕೇಳಬಹುದಾದದ್ದು ನ್ಯಾಯಯುತ ಪರಿಹಾರವನ್ನಷ್ಟೇ ಎಂಬುದು 1872ರ ಕರಾರು ಕಾಯ್ದೆಯ 74ನೇ ಕಲಮಿನ ಆಶಯ. ನೀವು ಅವಧಿಯನ್ನೇ ಪೂರೈಸಿದ್ದೀರಿ. ಇಂತಿಷ್ಟು ದಿನದೊಳಗೆ ಹಿಂತಿರುಗಿಸಿರೆಂದು ಲಿಖಿತವಾಗಿ ಕೇಳಿ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡಿ, ಒಂದು ಪ್ರತಿಯನ್ನು ರಾಜ್ಯ ಶುಶ್ರೂಷಾ ಪರಿಷತ್ತಿಗೂ ಕಳುಹಿಸಿ. ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ. ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಇದು ತಿಳಿದೇ ಇಲ್ಲವೆಂಬುದು ನನ್ನನ್ನು ನೋಯಿಸುತ್ತದೆ.

ಇನ್ನು ಸಂಘದಲ್ಲಿ ಯಾರಿರಬೇಕು ಎಂಬುದು. ಬಿಎಸ್ಸಿ ಓದಿದವರು ಬೇರೆ, ಜಿಎನ್ಎಂ ಡಿಪ್ಲೊಮಾ ಪಡೆದವರು ಬೇರೆ, ಎಎನ್ಎಂ ಎಂಬ ಸಹಾಯಕ ದಾದಿಯರು ಬೇರೆ ಎಂದು ಕೂರುವ ಅಭ್ಯಾಸ ನಮ್ಮ ವೃತ್ತಿಗೆ ಮಾಡಿರುವಷ್ಟು ಹಾನಿಯನ್ನು ಯಾವ ಆಡಳಿತ ಮಂಡಳಿಯೂ ಮಾಡಿಲ್ಲವೆಂದೇ ನನ್ನ ನಂಬಿಕೆ. ಮೂವರನ್ನೂ ಕರೆಯಿರಿ, ಬ್ರದರ್‌ಗಳೆನ್ನುವ ಪುರುಷ ನರ್ಸ್‌ಗಳನ್ನೂ ಕರೆಯಿರಿ, ಬಾಂಡ್ ಮುಗಿಯದೆ ಹೆದರಿರುವ ಫ್ರೆಶರ್‌ಗಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸದೆ ಹಿಂದೆ ಕೂರಿಸಿಕೊಳ್ಳಿ. ಮೊದಲ ಸಭೆಯನ್ನು ಆಸ್ಪತ್ರೆಯ ಹೊರಗೆ, ನೈಟ್ ಮುಗಿಸಿದವರು ಮಲಗಿ ಎದ್ದ ಮೇಲೆ, ಹಳ್ಳಿಗಳಿಂದ ಬರುವವರಿಗೆ ಕೊನೆಯ ಬಸ್ಸು ತಪ್ಪದಂಥ ಹೊತ್ತಿನಲ್ಲಿ ಇಟ್ಟುಕೊಳ್ಳಿ. ಆ ಹಿರಿಯ ಸಿಸ್ಟರ್ ಅವರನ್ನು ನೀವೇ ಮನೆಗೆ ಹೋಗಿ ಕರೆತನ್ನಿ.