ಯುದ್ಧಕಾಲದಲ್ಲಿ ಲೆಕ್ಕ ಕೇಳಬಹುದೇ?

ಪ್ರಶ್ನೆ: ನಮ್ಮದು ಸೈನಿಕರ ಮನೆತನ. ಯುದ್ಧದ ದಿನಗಳಲ್ಲಿ ಸೈನ್ಯದ ಖರ್ಚನ್ನು ಕೆದಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಡಿಯಲ್ಲಿ ಪ್ರಾಣ ಹೋಗುತ್ತಿರುವಾಗ ದುಡ್ಡಿನ ಮಾತೇಕೆ? ಯುದ್ಧ ಮುಗಿದ ಮೇಲೆ ಕೇಳಿದರಾಗದೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಆಗುವುದಿಲ್ಲ. ನನ್ನ ಸೇವೆಯೆಲ್ಲ ಕಳೆದದ್ದು ಸರ್ಕಾರಿ ಕಾಮಗಾರಿಗಳ ಲೆಕ್ಕ ತಪಾಸಣೆಯಲ್ಲಿ. ಬಿಲ್ ಪಾವತಿಯಾದ ಮೇಲೆ ಅಳತೆ ಪುಸ್ತಕ ತೆರೆದವನು ಆಕ್ಷೇಪಣೆ ಬರೆಯಬಹುದು, ಅಷ್ಟೆ. ಹಾಜರಿ ಪಟ್ಟಿಯಲ್ಲಿರುವ ಆಳುಗಳು ಅಂದು ನಿಜವಾಗಿ ಬಂದಿದ್ದರೇ ಎಂಬುದನ್ನು ಆಗ ಯಾರೂ ಹೇಳಲಾರರು.

ಅಮೆರಿಕದಲ್ಲಿ 1940ರಲ್ಲಿ ಕಡ್ಡಾಯ ಸೈನಿಕ ಸೇವೆಯ ಕಾಯ್ದೆ ಬಂತು. ಯುರೋಪು ಹೊತ್ತಿ ಉರಿಯುತ್ತಿತ್ತು. ಹೊಸದಾಗಿ ಸೇರುವ ಲಕ್ಷಾಂತರ ಯುವಕರಿಗೆ ಚಳಿಗಾಲದಲ್ಲೇ ತರಬೇತಿ ಶಿಬಿರಗಳನ್ನು ಕಟ್ಟಬೇಕಾಯಿತು. ಅವಸರದ ಕೆಲಸ ದುಬಾರಿಯೇ. ಅದನ್ನು ನಾನು ದುಂದು ಎನ್ನುವುದಿಲ್ಲ. ಆದರೆ ಮಿಸೌರಿಯ ಫೋರ್ಟ್ ಲಿಯೊನಾರ್ಡ್ ವುಡ್ ಶಿಬಿರದ ಬಗ್ಗೆ ಅಲ್ಲಿನ ಜನ ತಮ್ಮ ಸೆನೆಟರ್ ಹ್ಯಾರಿ ಟ್ರೂಮನ್ ಅವರಿಗೆ ಪತ್ರ ಬರೆದರು. ಟ್ರೂಮನ್ ತಾವೇ ಕಾರು ಓಡಿಸಿಕೊಂಡು ಹೋಗಿ ನೋಡಿದರು. ಬೆಲೆಬಾಳುವ ಸಾಮಗ್ರಿ ಮಳೆ, ಹಿಮದಲ್ಲಿ ಬಿದ್ದಿತ್ತು. ನೂರಾರು ಜನ ಕೆಲಸವಿಲ್ಲದೆ ನಿಂತು ಕೂಲಿ ಪಡೆಯುತ್ತಿದ್ದರು. ಬೇರೆ ಶಿಬಿರಗಳಲ್ಲಿಯೂ ಅದೇ ಕಥೆ.

ರೋಗ ಇದ್ದದ್ದು ಗುತ್ತಿಗೆಯ ಕರಾರಿನಲ್ಲಿ. ಆದ ಖರ್ಚನ್ನೆಲ್ಲ ಸರ್ಕಾರ ತುಂಬಿಕೊಡಬೇಕು, ಅದರ ಮೇಲೆ ಗುತ್ತಿಗೆದಾರನಿಗೆ ಗೊತ್ತುಪಡಿಸಿದ ಶುಲ್ಕ. ಅಂದಾಜು ಎಷ್ಟೇ ಮೀರಿದರೂ ಅವನ ಕಿಸೆಗೆ ನಷ್ಟವಿಲ್ಲ. ಹಾಗಿರುವಾಗ ಯಂತ್ರದ ಬಾಡಿಗೆಗೆ ಅವನೇಕೆ ಚೌಕಾಸಿ ಮಾಡಿಯಾನು? ಇಂಥ ಕರಾರಿಗೆ ಸಹಿ ಹಾಕಿದವರ ಮೇಲೆ ನನಗೆ ಇಂದಿಗೂ ಕೋಪವಿದೆ.

1941ರ ಮಾರ್ಚ್‌ನಲ್ಲಿ ಈ ಖರ್ಚನ್ನು ತನಿಖೆ ಮಾಡಲು ಟ್ರೂಮನ್ ಅಧ್ಯಕ್ಷತೆಯಲ್ಲಿ ಸೆನೆಟ್ ಸಮಿತಿ ರಚನೆಯಾಯಿತು. ಸಮಿತಿಯ ಖರ್ಚಿಗೆ ಆರಂಭದಲ್ಲಿ ಸಿಕ್ಕ ಹಣ ಬರೀ 15,000 ಡಾಲರ್. ಶಿಬಿರಗಳ ನಿರ್ಮಾಣದಲ್ಲಿ ಸುಮಾರು 10 ಕೋಟಿ ಡಾಲರ್ ಪೋಲಾಗಿದೆ ಎಂದು ಅದೇ ವರ್ಷ ಸಮಿತಿ ವರದಿ ಕೊಟ್ಟಿತು. ಡಿಸೆಂಬರ್‌ನಲ್ಲಿ ಸೈನ್ಯದ ನಿರ್ಮಾಣ ಕಾರ್ಯವೆಲ್ಲ ಎಂಜಿನಿಯರ್‌ಗಳ ದಳದ ಕೈಗೆ ಹೋಯಿತು.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಟ್ರೂಮನ್ ಅವರಿಗೂ ಅದೇ ಆತಂಕವಿತ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಫಿರಂಗಿ ಪಡೆಯ ಕ್ಯಾಪ್ಟನ್ ಆಗಿದ್ದವರು ಅವರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಥದೇ ಒಂದು ಸಮಿತಿ ಸೇನಾನಿಗಳ ಯುದ್ಧತಂತ್ರದಲ್ಲಿ ಮೂಗು ತೂರಿಸಿ ಹಾನಿ ಮಾಡಿದ್ದನ್ನು ಅವರು ಓದಿ ತಿಳಿದಿದ್ದರು. ಆದ್ದರಿಂದ ಎಲ್ಲಿ ಯಾವ ಪಡೆ ಕಾದಬೇಕು ಎಂಬ ವಿಷಯಕ್ಕೆ ಅವರ ಸಮಿತಿ ಹೋಗಲೇ ಇಲ್ಲ. ಗುತ್ತಿಗೆ, ಸಾಮಗ್ರಿ, ದರ, ಗುಣಮಟ್ಟ, ಇಷ್ಟನ್ನೇ ಕೇಳಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ನೂರಕ್ಕೂ ಹೆಚ್ಚು ತನಿಖೆಗಳು ನಡೆದಿದ್ದವು. ಅಷ್ಟರಲ್ಲಿ ಹಣ ಕರಗಿಹೋಗಿತ್ತು. ಟ್ರೂಮನ್ ಸಮಿತಿಯನ್ನು ಮೊದಲು ಹಗೆಯಂತೆ ಕಂಡ, ಸೈನ್ಯದ ನಿರ್ಮಾಣ ವಿಭಾಗದ ಮುಖ್ಯಸ್ಥರಾಗಿದ್ದ ಜನರಲ್ ಸೋಮರ್ವೆಲ್ ಅವರೇ, ಅದರಿಂದ ಶಿಬಿರಗಳ ನಿರ್ಮಾಣದಲ್ಲಿ 25 ಕೋಟಿ ಡಾಲರ್ ಉಳಿಯಿತೆಂದು ಅಂದಾಜು ಮಾಡಿದರು.