ಸುತ್ತುವ ಮರಿ, ರೊಪ್ಪ ಕಾಯುವ ನಾಯಿ

ಪ್ರಶ್ನೆ: ನಮ್ಮ ಹಿಂಡಿನ ಎಂಟು ತಿಂಗಳ ಮರಿಯೊಂದು ತಲೆ ವಾಲಿಸಿಕೊಂಡು ಒಂದೇ ಕಡೆ ಸುತ್ತುತ್ತಿತ್ತು. ಕೊಯ್ದಾಗ ಮಿದುಳಲ್ಲಿ ನಿಂಬೆಹಣ್ಣಿನಷ್ಟು ನೀರುಗುಳ್ಳೆ ಸಿಕ್ಕಿತು. ಜಂತುಹುಳದ ಔಷಧಿ ತಪ್ಪದೆ ಕುಡಿಸಿದ್ದೆವು. ಇದ್ಯಾವ ಹುಳ? ಉಳಿದ ಕುರಿಗಳಿಗೂ ಅಂಟುತ್ತಾ?
– ಕುರಿ ಸಾಕಣೆದಾರರು, ಚಳ್ಳಕೆರೆ ತಾಲ್ಲೂಕು

ಉತ್ತರ: ಕುರಿಗೆ ಕುಡಿಸಿದ್ದೀರಿ, ಸರಿ. ರೊಪ್ಪ ಕಾಯುವ ನಾಯಿಗೆ?

ನೀವು ಹೇಳುವ ಲಕ್ಷಣ ನೋಡಿದರೆ ಆ ಗುಳ್ಳೆ ನಾಯಿಯ ಲಾಡಿಹುಳದ ಮರಿ. ಹೆಸರು ಟೀನಿಯಾ ಮಲ್ಟಿಸೆಪ್ಸ್, ಅಂದರೆ ಬಹುತಲೆಯದು. ಗುಳ್ಳೆಯನ್ನು ಬೆಳಕಿಗೆ ಹಿಡಿದರೆ ಒಳಗೋಡೆಗೆ ಅಕ್ಕಿನುಚ್ಚು ಅಂಟಿಸಿದಂತೆ ಬಿಳಿ ಚುಕ್ಕೆಗಳು ಗುಂಪುಗುಂಪಾಗಿ ಕಾಣುತ್ತವೆ. ಒಂದೊಂದು ಚುಕ್ಕೆಯೂ ಒಂದು ಹುಳದ ತಲೆ. ಕುರಿಯ ತಲೆಯನ್ನು ಹಸಿಯಾಗಿ ನಾಯಿಗೆ ಎಸೆದರೆ ಅವೆಲ್ಲ ನಾಯಿಯ ಕರುಳು ಹಿಡಿದು ಬೆಳೆಯುತ್ತವೆ. ಸುಮಾರು ಆರು ವಾರಕ್ಕೆ ಮಲದಲ್ಲಿ ಮೊಟ್ಟೆ ಬೀಳಲು ಶುರು. ಆ ಮಲ ಬಿದ್ದ ಹುಲ್ಲನ್ನೇ ಕುರಿ ಮೇಯುತ್ತದೆ. ಮೊಟ್ಟೆಯೊಡೆದು ಬಂದ ಮರಿಹುಳ ಕರುಳು ತೂರಿ, ರಕ್ತದ ಜೊತೆ ಮಿದುಳು ಸೇರಿ, ತಿಂಗಳುಗಟ್ಟಲೆ ಊದುತ್ತದೆ.

ಹೀಗೆ ಇನ್ನೊಂದು ಜೀವಿಯ ಮೈಯನ್ನೇ ಮನೆ ಮಾಡಿಕೊಂಡು ಅದರ ಅನ್ನ ತಿನ್ನುವುದು ಪರೋಪಜೀವಿ. ಜಾಗ ಕೊಟ್ಟದ್ದು ಆತಿಥೇಯ. ಕರೆಯದೆ ಬಂದವರಿಗೆ ಎಂಥ ಆತಿಥ್ಯ, ಅಲ್ವಾ? ಹುಳ ಪ್ರಾಯಕ್ಕೆ ಬಂದು ಮೊಟ್ಟೆಯಿಡುವುದು ನಾಯಿಯಲ್ಲಿ. ಹಾಗಾಗಿ ನಾಯಿ ಅಂತಿಮ ಆತಿಥೇಯ, ಕುರಿ ಮಧ್ಯಂತರ ಆತಿಥೇಯ. ಮಲೇರಿಯಾದಲ್ಲಿ ನಾವೇ ಕುರಿಯ ಜಾಗದಲ್ಲಿದ್ದೇವೆ, ಅಂತಿಮ ಆತಿಥೇಯ ಸೊಳ್ಳೆ! ಅದರ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು 1897ರಲ್ಲಿ ರೊನಾಲ್ಡ್ ರಾಸ್ ಕಂಡದ್ದು ಸಿಕಂದರಾಬಾದಿನಲ್ಲಿ.

ಪರೋಪಜೀವಿಗಳಲ್ಲಿ ಉಣುಗು, ಹೇನು, ಚಿಗಟ ಮೈಮೇಲಿನವು. ಒಳಗಿನವು ಜಂತುಗಳು ಮತ್ತು ಮಲೇರಿಯಾ ತರುವಂಥ ಒಂದೇ ಜೀವಕೋಶದ ಜೀವಿಗಳು. ಜಂತುಗಳಲ್ಲೂ ದುಂಡುಹುಳ, ಲಾಡಿಹುಳ, ಎಲೆಯಾಕಾರದ ಹುಳ ಅಂತ ಬೇರೆ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ನಾಟಬೇಕೆಂದಿಲ್ಲ. ಗುಳ್ಳೆ ದೊಡ್ಡದಾದ ಮೇಲಂತೂ ಔಷಧಿಯನ್ನು ನಂಬಿ ಕೂರುವಂತಿಲ್ಲ.

ಇದು ಕುರಿಯಿಂದ ಕುರಿಗೆ ಅಂಟುವುದಿಲ್ಲ. ಆದರೆ ಅದೇ ಬಯಲಲ್ಲಿ ಮೇಯ್ದ ಬೇರೆ ಮರಿಗಳೂ ಮೊಟ್ಟೆ ನುಂಗಿರಬಹುದು. ಸತ್ತ ಕುರಿಯ ತಲೆಯನ್ನು ಸುಡಿ, ಇಲ್ಲವೇ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಪಶುವೈದ್ಯರನ್ನು ಕೇಳಿ ನಾಯಿಗೆ ಲಾಡಿಹುಳದ ಮಾತ್ರೆ ನಿಯಮಿತವಾಗಿ ಹಾಕಿ. ಸುತ್ತುವುದೆಲ್ಲ ಗುಳ್ಳೆಯೇ ಅಲ್ಲ, ಲಿಸ್ಟೀರಿಯಾ ಬ್ಯಾಕ್ಟೀರಿಯಾದಿಂದಲೂ ಕುರಿ ಸುತ್ತುತ್ತದೆ. ಇನ್ನೊಂದು ಮರಿ ಸುತ್ತಿದರೆ ಕೊಯ್ಯುವ ಮೊದಲು ತೋರಿಸಿ. ನಾಯಿಯಲ್ಲಿರುವ ಇನ್ನೊಂದು ಪುಟ್ಟ ಲಾಡಿಹುಳದ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಯಕೃತ್ತು, ಶ್ವಾಸಕೋಶದಲ್ಲಿ ಗುಳ್ಳೆ ಕಟ್ಟುತ್ತದೆ. ನಾಯಿ ಮುಟ್ಟಿದ ಕೈ ತೊಳೆಯದೆ ರೊಟ್ಟಿ ಮುರಿಯಬೇಡಿ, ಮಕ್ಕಳಿಗೂ ಹೇಳಿ.

ಪ್ರಶ್ನೆ: ಮಾವಿನ ಮರದ ಬದನಿಕೆಯೂ ಪರೋಪಜೀವಿಯೇ? ಅದರ ಎಲೆ ಹಸಿರಾಗಿದೆಯಲ್ಲ?
– ಓದುಗರು, ಹರಿಹರ

ಉತ್ತರ: ಅರ್ಧ ಪರೋಪಜೀವಿ. ಆಹಾರ ತಾನೇ ಮಾಡಿಕೊಳ್ಳುತ್ತದೆ, ಮಾವಿನಿಂದ ಕದಿಯುವುದು ಮುಖ್ಯವಾಗಿ ನೀರು ಮತ್ತು ಲವಣ. ಅಂಟು ಬೀಜವನ್ನು ಹಕ್ಕಿಗಳು ಕೊಂಬೆಯಿಂದ ಕೊಂಬೆಗೆ ಹಚ್ಚುತ್ತವೆ. ಸುಮ್ನೆ ಎಲೆ ತರಿದರೆ ಮತ್ತೆ ಚಿಗುರುತ್ತದೆ. ಹಣ್ಣಾಗುವ ಮೊದಲೇ, ಅಂಟಿಕೊಂಡ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಿ.